ದುರ್ಗಪ್ಪ ಹುಟ್ಟಿದ ದಿನ ಬಂದ ಸೈಕಲ್ಲು

ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು ಬೈಲಹೊಂಗಲದ ದನದ ಸಂತೆಯಲ್ಲಿ ಬೇಕಾದಷ್ಟು ಜನ ಸಿಗುತ್ತಿದ್ದರು. ಸೈಕಲ್ಲಿನ ವಯಸ್ಸು ಹೇಳುವವನು ಮಾತ್ರ ಇಡೀ ತಾಲ್ಲೂಕಿಗೆ ಒಬ್ಬನೇ ಇದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಪಂಕ್ಚರ್ ತಿದ್ದುತ್ತಿದ್ದ ದುರ್ಗಪ್ಪ ಅವನು. ಹಳೆಯ ಸೈಕಲ್ ಕೊಳ್ಳುವವರು ಮಾರುವವನ ಬಣ್ಣನೆಯನ್ನೆಲ್ಲ ಕೇಳಿಸಿಕೊಂಡು, ಆಮೇಲೆ ಸೈಕಲ್ಲನ್ನು ಸೀದಾ ಅವನ ಮರದ ಕೆಳಗೆ ತಳ್ಳಿಕೊಂಡು ಬರುತ್ತಿದ್ದರು.

ಅವನು ಅವಸರ ಮಾಡುತ್ತಿರಲಿಲ್ಲ. ಸೀಟಿನ ಕೆಳಗೆ, ಫ್ರೇಮಿನ ಮೇಲೆ ಒತ್ತಿದ ನಂಬರನ್ನು ಮೊದಲು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಆಮೇಲೆ ಸೈಕಲ್ಲನ್ನು ಬೋರಲು ಹಾಕಿ, ಪೆಡಲಿನ ಅಚ್ಚು ಕೂರುವ ಜಾಗದ ತಳದಲ್ಲಿ ಮೆತ್ತಿದ ಕೆಸರನ್ನು ಕೆರೆದು ಅಲ್ಲಿಯೂ ನೋಡುತ್ತಿದ್ದ. ಹಳೆಯ ವಿಲಾಯತಿ ಸೈಕಲ್ಲುಗಳಲ್ಲಿ ಕೆಲವಕ್ಕೆ ಎರಡೂ ಕಡೆ ಇಸವಿಯ ಎರಡು ಅಂಕಿ ಇರುತ್ತಿದ್ದವಂತೆ. ಮೇಲಿನದು ಎಲ್ಲರ ಕಣ್ಣಿಗೆ ಬೀಳುವಂಥದ್ದು, ಕೆಳಗಿನದು ಸೈಕಲ್ ಮಾಡಿದವನಿಗೆ ಮತ್ತು ದುರ್ಗಪ್ಪನಿಗೆ ಮಾತ್ರ ಗೊತ್ತಿದ್ದಂಥದ್ದು. "ನಲವತ್ತಾರನೇ ಇಸವಿದ್ರಿ ಇದು. ಬಣ್ಣ ಅಷ್ಟ ಹೋದ ವರ್ಷದ್ದು" ಎಂದು ಅವನು ತೀರ್ಪು ಕೊಟ್ಟರೆ ಮಾರುವವನ ಮುಖ ಕಪ್ಪಿಡುತ್ತಿತ್ತು. ಕೊಳ್ಳುವವನು ಖುಷಿಯಾಗಿ ದುರ್ಗಪ್ಪನಿಗೆ ಚಹಾ ಹೇಳುತ್ತಿದ್ದ. ಹೋಟೆಲಿನವನು ಅದನ್ನು ಹೊರಗಿನ ಗೂಡಿನಲ್ಲಿ ಬೇರೆಯಾಗಿ ಇಟ್ಟ ಕಪ್ಪಿನಲ್ಲಿ ಕೊಡುತ್ತಿದ್ದ. ದುರ್ಗಪ್ಪನ ಮಾತಿಗೆ ಎಲ್ಲರ ಮನೆಯೊಳಗೂ ಬೆಲೆಯಿತ್ತು. ದುರ್ಗಪ್ಪ ಮಾತ್ರ ಹೊರಗೇ ಇರಬೇಕಾಗಿತ್ತು.

ನಾನು ಆಗ ಬೈಲಹೊಂಗಲದಲ್ಲಿ ಕನ್ನಡ ಶಾಲೆಯ ಮಾಸ್ತರ. ಪಾಠ ಮಾಡುವುದು ಹೊಟ್ಟೆಪಾಡು, ಪರರ ಅರ್ಜಿ ಬರೆಯುವುದು ಚಟ. ಅದಕ್ಕೆ ಹತ್ತು ವರ್ಷದ ಹಿಂದೆ ಸವದತ್ತಿ ಗುಡ್ಡದ ಇಳಿಜಾರಿನಲ್ಲಿ ನನ್ನ ಸೈಕಲ್ಲಿನ ಫೋರ್ಕು ಮುರಿದು, ನಾನು ಬಿದ್ದು, ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ಎರಡೇ ವರ್ಷದ ಹಳತು ಎಂದು ಹೇಳಿ ಯಾರೋ ಮಾರಿದ್ದ ಸೈಕಲ್ಲು ಅದು. ಆಗ ಆಸ್ಪತ್ರೆಗೆ ಬಂದು, ಬಾಗಿಲಲ್ಲೇ ನಿಂತು ನನ್ನನ್ನು ಕಂಡು ಹೋದವನು, ಸೈಕಲ್ಲನ್ನು ಬಿಡಿಗಾಸು ಮುಟ್ಟದೆ ಸರಿಮಾಡಿಕೊಟ್ಟವನು ದುರ್ಗಪ್ಪ. ಅಲ್ಲಿಂದ ಮುಂದೆಯೇ ಅವನು ಜನರಿಗೆ ಸೈಕಲ್ಲಿನ ನಿಜವಾದ ವಯಸ್ಸು ಹೇಳತೊಡಗಿದ್ದು. ಈ ಎರಡಕ್ಕೂ ಸಂಬಂಧ ಇರಬಹುದೆಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಸುಳ್ಳು ಹೇಳದ ಒಬ್ಬನೇ ಮನುಷ್ಯ ತಾಲ್ಲೂಕಿನಲ್ಲಿದ್ದಾನೆ, ಅವನೂ ನೆಲದ ಮೇಲೆ ಕೂತಿದ್ದಾನೆ ಎಂದು ನಾನು ಕಂಡಕಂಡಲ್ಲಿ ಹೇಳಿಕೊಂಡು ತಿರುಗಿದೆ. ಕೇಳಿದವರು ತಲೆಯಾಡಿಸುತ್ತಿದ್ದರು, ದುರ್ಗಪ್ಪ ಮಾತ್ರ ತಲೆ ತಗ್ಗಿಸುತ್ತಿದ್ದ. ಅದನ್ನು ನಾನು ವಿನಯವೆಂದು ತಿಳಿದೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನವಿಲುತೀರ್ಥದ ಆಣೆಕಟ್ಟಿನ ವರ್ಕ್‌ಶಾಪಿಗೆ ಒಬ್ಬ ಮೆಕ್ಯಾನಿಕ್ ಬೇಕಾಗಿತ್ತು. ನಾನೇ ಅರ್ಜಿ ಬರೆದು ದುರ್ಗಪ್ಪನನ್ನು ಕರೆದುಕೊಂಡು ಹೋದೆ. ಆರು ತಿಂಗಳಿಂದ ಮಲಗಿದ್ದ ಒಂದು ಪಂಪನ್ನು ಅವನು ಮಧ್ಯಾಹ್ನದೊಳಗೆ ಎಬ್ಬಿಸಿ ಕೂರಿಸಿದ. ಇಂಜಿನಿಯರು ಅಲ್ಲೇ ಕೈಕುಲುಕಿ, ವಯಸ್ಸಿನ ದಾಖಲೆಯೊಂದನ್ನು ತಂದುಬಿಟ್ಟರೆ ನೌಕರಿ ನಿನ್ನದೇ ಎಂದರು. ಆ ವರ್ಷದ ಜನವರಿ ಒಂದಕ್ಕೆ ಮೂವತ್ತೈದು ದಾಟಿರಬಾರದು, ಅಷ್ಟೇ.

ಬರುವಾಗ ನೌಕರರ ಮನೆಗಳ ಸಾಲನ್ನು ದುರ್ಗಪ್ಪ ನಿಂತು ನೋಡಿದ. ಪ್ರತಿ ಮನೆಯ ಅಡಿಗೆಮನೆಯೊಳಗೇ ಒಂದು ನಲ್ಲಿ. ಬೈಲಹೊಂಗಲದಲ್ಲಿ ಅವನ ಹೆಂಡತಿ ಮರೆವ್ವ ಬೀದಿ ನಲ್ಲಿಯ ಹತ್ತಿರ ಬೆಳಗಿನಿಂದ ಕೊಡ ಇಟ್ಟುಕೊಂಡು ಕೂತಿರುತ್ತಿದ್ದಳು. ಬೇರೆ ಓಣಿಯವರೆಲ್ಲ ತುಂಬಿಕೊಂಡು ಹೋದ ಮೇಲೆ, ನೀರು ಇನ್ನೂ ಉಳಿದಿದ್ದರೆ, ಅವಳ ಸರದಿ. ಅವನು ಒಂದು ಮನೆಯ ಕಿಟಕಿಯಿಂದ ಆ ನಲ್ಲಿಯನ್ನು ಬಹಳ ಹೊತ್ತು ನೋಡಿ, "ಇದನ್ನ ತಿರವಾಕ ಯಾರನ್ನೂ ಕೇಳೂದು ಬ್ಯಾಡಲ್ರಿ ಮಾಸ್ತರ" ಎಂದ. ಸಂಬಳದ ಬಗ್ಗೆ ಅವನು ಏನೂ ಕೇಳಲಿಲ್ಲ.

ದಾಖಲೆ ಎಂದರೆ ನಮ್ಮ ಕಡೆ ಶಾಲೆಯ ರಜಿಸ್ಟರು. ಆ ರಜಿಸ್ಟರು ಹೇಗೆ ಹುಟ್ಟುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೂನ್ ತಿಂಗಳಲ್ಲಿ ತಾಯಿತಂದೆ ಮಗುವನ್ನು ತಂದು ನಿಲ್ಲಿಸುತ್ತಾರೆ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಅದಕ್ಕೆ ಆರು ವರ್ಷ. ಹುಟ್ಟಿದ ದಿನ ಜೂನ್ ಒಂದು. ನನ್ನ ಕೈಯಿಂದ ಹೀಗೆ ಜೂನ್ ಒಂದರಂದು ಹುಟ್ಟಿದವರು ಏನಿಲ್ಲವೆಂದರೂ ಸಾವಿರ ಜನ. ನಾನೂ ಅದೇ ದಿನ ಹುಟ್ಟಿದವನು. ಸರಕಾರಕ್ಕೆ ಇದರಲ್ಲಿ ಯಾವತ್ತೂ ಅನುಮಾನ ಬಂದಿಲ್ಲ.

ದುರ್ಗಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬೇರೆ ಏನಾದರೂ ಗುರುತು ಇದೆಯೇ ಎಂದರೆ ಇಲ್ಲವೆಂದ. ಇಲ್ಲ ಎಂದ ರೀತಿ ನನಗೆ ಸರಿಬರಲಿಲ್ಲ. ಬಿಡುವ ಜಾಯಮಾನ ನನ್ನದಲ್ಲವಲ್ಲ. ಅವನಿಲ್ಲದಾಗ ಮನೆಗೆ ಹೋಗಿ ಅವನ ತಾಯಿ ತಾಯವ್ವನನ್ನೇ ಕೇಳಿದೆ. ಮುದುಕಿ ಒಂದು ಉಸಿರಿನಲ್ಲಿ ಹೇಳಿಬಿಟ್ಟಳು: ಊರಿಗೆ ಮೊದಲನೇ ಸೈಕಲ್ಲು ಬಂದ ದಿನ ಹುಟ್ಟಿದವನು ನನ್ನ ಮಗ.

ಅವರ ಊರು ನೇಸರಗಿಯಿಂದ ಮೂರು ಮೈಲು ಒಳಗೆ. ಹೆಸರು ಬೇಡ, ಅಲ್ಲಿ ನನಗೆ ಇನ್ನೂ ಗೆಳೆಯರಿದ್ದಾರೆ. ನನ್ನ ಮೊದಲ ನೌಕರಿಯ ಊರೂ ಅದೇ. ಅಲ್ಲಿನ ದೊಡ್ಡ ಹೊಲಮನೆಯ ಶಂಕರೆಪ್ಪ ಬೆಳಗಾವಿಯಿಂದ ಸೈಕಲ್ಲು ತರಿಸಿದ್ದ. ತುಳಿಯಲು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅದು ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿಕೊಂಡು ಬಂತು. ಊರಿನವರು ಅಂಗಳದಲ್ಲಿ ನೋಡಿದರು, ತಾಯವ್ವನ ಓಣಿಯವರು ದೂರದ ಬೇವಿನ ಮರದ ಹತ್ತಿರ ನಿಂತು ನೋಡಿದರು. ಯಾರೋ ಗಂಟೆ ಬಾರಿಸಿದರಂತೆ, ಇವಳಿಗೆ ಹೊಟ್ಟೆನೋವು ಶುರುವಾಯಿತಂತೆ. ದೀಪ ಹಚ್ಚುವ ಹೊತ್ತಿಗೆ ದುರ್ಗಪ್ಪ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಇಸವಿ ಒಂದೇ.

ನಾನು ಕುಣಿಯುವುದೊಂದು ಬಾಕಿ. ಸೈಕಲ್ಲಿನ ವಯಸ್ಸು ತಿಳಿದರೆ ದುರ್ಗಪ್ಪನ ವಯಸ್ಸು ತಿಳಿಯಿತು. ಸೈಕಲ್ಲಿನ ವಯಸ್ಸು ಹೇಳುವವನು ದುರ್ಗಪ್ಪನೇ. ಓಡಿಹೋಗಿ ಅವನಿಗೆ ಹೇಳಿದರೆ, ಅವನು ಟ್ಯೂಬಿಗೆ ಅಂಟು ಹಚ್ಚುತ್ತ, "ಆ ಸೈಕಲ್ಲಿನ ಸುದ್ದಿ ಬ್ಯಾಡ್ರಿ ಮಾಸ್ತರ" ಎಂದ. ಯಾಕೆಂದು ನಾನು ಕೇಳಲಿಲ್ಲ. ಅವನ ಒಳ್ಳೆಯದು ಅವನಿಗಿಂತ ನನಗೆ ಹೆಚ್ಚು ಗೊತ್ತಿತ್ತು. ಆ ಊರಿನ ಲೆಕ್ಕಪತ್ರ ಬರೆಯುವ ತಲಾಟಿ ನಿಜಗುಣಪ್ಪನನ್ನು ಕಂಡು, ಐವರು ಹಿರಿಯರ ಎದುರು ವಯಸ್ಸಿನ ಪಂಚನಾಮೆ ಮಾಡಿಸುವ ದಿನ ಗೊತ್ತುಮಾಡಿಬಂದೆ.

ಪಂಚಮಿ ಹಬ್ಬ ಮುಗಿದ ಮೂರನೇ ದಿನ ಚಾವಡಿಯಲ್ಲಿ ಕೂತೆವು. ಹಿರಿಯರ ನಡುವೆ ಶಂಕರೆಪ್ಪ ಹೊಸ ಪಟಕಾ ಸುತ್ತಿಕೊಂಡು ಕೂತಿದ್ದ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಅವನ ಮಗಳು ದೇವಕ್ಕನನ್ನು ಕರೆದೊಯ್ಯಲು ಅಳಿಯ ದುಂಡಪ್ಪ ಕಟಕೋಳದಿಂದ ಬಂದಿದ್ದ. ಅವನೂ ತಮಾಷೆ ನೋಡಲು ಚಾವಡಿಗೆ ಬಂದು, ತನ್ನ ಸೈಕಲ್ಲನ್ನು ಗೋಡೆಗೆ ಆನಿಸಿ ನಿಂತಿದ್ದ. ಐವತ್ತೆಂಟನೇ ಇಸವಿಯಲ್ಲಿ ಲಗ್ನದ ಹೊತ್ತಿಗೆ ಮಾವ ಕೊಟ್ಟ ಕೋರಾ, ಹೊಚ್ಚ ಹೊಸ ಸೈಕಲ್ಲು ಅದು. ಎಲ್ಲಿಗೆ ಹೊರಟರೂ ಬಸ್ಸಿನ ಮೇಲೆ ಹಾಕಿಸಿಕೊಂಡಾದರೂ ಅದನ್ನು ತರುತ್ತಿದ್ದ. ಹದಿನಾರು ವರ್ಷ ಆದರೂ ಏನೂ ಆಗಿಲ್ಲ, ಮಾವ ಕೊಟ್ಟರೆ ಇಂಥದ್ದು ಕೊಡಬೇಕು ಎಂದು ನನ್ನೆದುರೇ ಎರಡು ಸಲ ಹೇಳಿದ. ಎರಡು ಸಲವೂ ಶಂಕರೆಪ್ಪ ಕೆಮ್ಮಿದ.

ತಾಯವ್ವ ಚಾವಡಿಯ ಕೆಳಗೆ ನಿಂತು ತನ್ನ ಕಥೆ ಹೇಳಿದಳು. ಹಿರಿಯರು ಹೌದೆಂದರು. ಆ ಸೈಕಲ್ಲು ಎಲ್ಲಿದೆ ಎಂದು ತಲಾಟಿ ಕೇಳಿದಾಗ ಶಂಕರೆಪ್ಪ, ಅದನ್ನು ಮಗಳ ಲಗ್ನಕ್ಕಿಂತ ಮೊದಲೇ ಗೋಕಾಕದ ಕಡೆಯ ಯಾರಿಗೋ ಮಾರಿಬಿಟ್ಟೆನಲ್ಲ, ಈಗ ಎಲ್ಲಿ ಹುಡುಕುವುದು ಎಂದ. ಇಸವಿ ಅವನಿಗೂ ನೆನಪಿರಲಿಲ್ಲ.

ನಿಜಗುಣಪ್ಪ ಪೆನ್ನಿನ ಮುಚ್ಚಳ ಹಾಕಿದ. "ಸೈಕಲ್ಲೂ ಇಲ್ಲ, ಇಸವಿನೂ ಇಲ್ಲ. ಮುದಿಕಿ ಮಗನ ನೌಕರಿ ಸಲುವಾಗಿ ಕಥಿ ಕಟ್ಟ್ಯಾಳ" ಎಂದ.

ಚಾವಡಿಯ ಕೆಳಗೆ ಕೂತಿದ್ದ ದುರ್ಗಪ್ಪ ಎದ್ದು ನಿಂತ.

"ನಮ್ಮವ್ವ ಸುಳ್ಳ ಹೇಳಾಕಿ ಅಲ್ರಿ ಸಾಹೇಬ್ರ. ಆ ಸೈಕಲ್ ಎಲ್ಲೂ ಹೋಗಿಲ್ಲ. ಅಲ್ಲೇ ಗ್ವಾಡಿಗಿ ನಿಂತೈತಿ, ನೋಡ್ರಿ."

ಎಲ್ಲರೂ ದುಂಡಪ್ಪನ ಸೈಕಲ್ಲಿನ ಕಡೆ ತಿರುಗಿದರು. ಶಂಕರೆಪ್ಪ ಮಾತ್ರ ತಿರುಗಲಿಲ್ಲ. ತಲಾಟಿ ಕೆಳಗಿಳಿದು, ಕನ್ನಡಕ ಏರಿಸಿ, ಸೀಟಿನ ಕೆಳಗಿನ ನಂಬರು ಓದಿದ. ಕೊನೆಯ ಎರಡು ಅಂಕಿ ಐವತ್ತೆಂಟು. ಹಾಗಾದರೆ ಈ ಮನುಷ್ಯನಿಗೆ ಈಗ ಹದಿನಾರು, ನೌಕರಿಗೆ ಇನ್ನೂ ಎರಡು ವರ್ಷ ಕಾಯಬೇಕು ಎಂದು ಅವನು ಹೇಳಿದ್ದಕ್ಕೆ ಚಾವಡಿಯೆಲ್ಲ ನಕ್ಕಿತು. ಕಿವಿಯ ಹತ್ತಿರ ನರೆತಿದ್ದ ದುರ್ಗಪ್ಪ ನಗು ಮುಗಿಯುವವರೆಗೆ ಕಾದ.

"ಆ ನಂಬರ್ ಒತ್ತಿದಂವ ನಾನ ರೀ. ಹಳೇದನ್ನ ಅರ ಹಾಕಿ ತಿಕ್ಕಿ, ಅದರ ಮ್ಯಾಲ ಒತ್ತೇನಿ. ಖರೇ ಇಸವಿ ಕೆಳಗೈತಿ."

ಅವನು ಸೈಕಲ್ಲನ್ನು ಬೋರಲು ಹಾಕಿ, ಕೆಸರು ಕೆರೆದು, ಅಂಗಿಯ ತುದಿಯಿಂದ ಒರೆಸಿದ. ಸಾಸಿವೆಕಾಳಿನಷ್ಟು ಸಣ್ಣ ಅಂಕಿಗಳು: ಮೂವತ್ತೊಂಬತ್ತು. ತಯಾರಾಗುವ ಮೊದಲೇ ಸೈಕಲ್ಲು ಊರಿಗೆ ಬರುವುದಿಲ್ಲ. ಅದು ಬರುವ ಮೊದಲು ದುರ್ಗಪ್ಪ ಹುಟ್ಟಿಲ್ಲ. ಎಂದರೆ ಜನವರಿ ಒಂದಕ್ಕೆ ಅವನಿಗೆ ಮೂವತ್ತೈದು ದಾಟಿರಲು ಸಾಧ್ಯವೇ ಇಲ್ಲ. ಲೆಕ್ಕ ಸರಿಯಾಗಿ ಕೂತಿತು. ನಾನು ಗೆದ್ದೆವೆಂದೇ ತಿಳಿದೆ.

ಆಮೇಲೆ ಉಳಿದದ್ದನ್ನು ಅವನೇ ಹೇಳಿದ. ಹತ್ತನೇ ವಯಸ್ಸಿಗೆ ಸೋದರಮಾವನ ಜೊತೆ ಬೆಳಗಾವಿಗೆ ಹೋದವನು ಅಲ್ಲಿ ಒಂದು ಸೈಕಲ್ ಅಂಗಡಿಯಲ್ಲಿ ಕಲಿತ ವಿದ್ಯೆ ಇದೇ: ಹಳೆಯ ನಂಬರು ತಿಕ್ಕುವುದು, ಹೊಸದು ಒತ್ತುವುದು, ಬಣ್ಣ ಹೊಡೆದು ಬಿಸಿ ಮಾಡುವುದು, ಗೆರೆ ಎಳೆಯುವುದು. ಹತ್ತೊಂಬತ್ತನೇ ವಯಸ್ಸಿಗೆ ತಿರುಗಿ ಬಂದಾಗ ಮೊದಲ ಕೆಲಸ ಕೊಟ್ಟವನು ಶಂಕರೆಪ್ಪ. ಬೀಗರು ವಾಚು ಮತ್ತು ಹೊಸ ಸೈಕಲ್ಲು ಬೇಡಿದ್ದರು. ವಾಚು ಕೊಂಡ, ಸೈಕಲ್ಲಿಗೆ ಮನೆಯಲ್ಲಿದ್ದುದನ್ನೇ ಹರೆಯಕ್ಕೆ ತರಿಸಿದ. ಇಂಥವು ಎಷ್ಟು ಮಾಡಿದ್ದೀಯೆಂದು ತಲಾಟಿ ಕೇಳಿದ. ಅರವತ್ತು ಎಪ್ಪತ್ತು ಆಗಿರಬೇಕು ಎಂದ ದುರ್ಗಪ್ಪ ನನ್ನ ಕಡೆ ತಿರುಗಿ, ನನ್ನ ಸೊಟ್ಟ ಮಣಿಕಟ್ಟನ್ನು ನೋಡಿ, ದನಿ ತಗ್ಗಿಸಿ ಹೇಳಿದ:

"ನಿಮ್ಮದೂ ಒಂದ ಅದರಾಗ, ಮಾಸ್ತರ. ಅದರ ಮುಂದ ಒಂದೂ ಮಾಡಿಲ್ರಿ."

ನನಗೆ ಮೈಯೆಲ್ಲ ಉರಿಯಿತು. ತಾಲ್ಲೂಕಿನ ಸೈಕಲ್ಲುಗಳ ವಯಸ್ಸು ಅವನಿಗೆ ಅಷ್ಟು ಖಚಿತವಾಗಿ ತಿಳಿಯುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಕದ್ದವನಿಗಿಂತ ಚೆನ್ನಾಗಿ ಕನ್ನ ಯಾರಿಗೆ ಗೊತ್ತು! ಹತ್ತು ವರ್ಷ ಇವನನ್ನು ನಾನು ಸತ್ಯವಂತನೆಂದು ಹೊತ್ತು ಮೆರೆಸಿದ್ದೆ, ಮುರಿದ ಅದೇ ಕೈಯಿಂದ ಇವನ ಅರ್ಜಿ ಬರೆದಿದ್ದೆ.

ನಿಜಗುಣಪ್ಪನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಕೆಲಸ ಹಗುರಾಯಿತು. ಒಂದು ಸೈಕಲ್ಲಿಗೆ ಎರಡು ಇಸವಿ, ಒಂದನ್ನು ತಾನೇ ಒತ್ತಿದ್ದೆನೆಂದು ಇವನೇ ಒಪ್ಪಿದ್ದಾನೆ, ಇನ್ನೊಂದನ್ನೂ ಇವನೇ ಒತ್ತಿಲ್ಲ ಎಂಬುದಕ್ಕೆ ಏನು ಆಧಾರ ಎಂದ. ಹೇಳಬಲ್ಲವರು ಯಾರಾದರೂ ಇದ್ದರೆ ಕರೆಸಿ ಎಂದ. ಸೈಕಲ್ಲಿನ ನಂಬರು ಖರೆಯೋ ಖೊಟ್ಟಿಯೋ ಎಂದು ಹೇಳಬಲ್ಲವನು ತಾಲ್ಲೂಕಿಗೆ ಒಬ್ಬನೇ ಇದ್ದ, ಅವನು ಅಲ್ಲೇ ಕೈಕಟ್ಟಿಕೊಂಡು ನಿಂತಿದ್ದ. ಸಾಕ್ಷ್ಯ ನಂಬಲು ತಕ್ಕದ್ದಲ್ಲ, ಸರಕಾರಿ ಡಾಕ್ಟರರ ಸರ್ಟಿಫಿಕೇಟು ತರಬೇಕು ಎಂದು ತಲಾಟಿ ಬರೆದ. ಆ ಸೈಕಲ್ಲಿನ ಸುಳ್ಳು ನಂಬರಿನಿಂದ ಹದಿನಾರು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ, ನಿಜ ನಂಬರು ತೋರಿಸಿದ ಗಳಿಗೆಯಿಂದ ಎಲ್ಲ ಕೆಟ್ಟಿತು. ದುಂಡಪ್ಪ ಸೈಕಲ್ಲನ್ನು ಮಾವನ ಅಂಗಳದಲ್ಲಿ ಕೆಡವಿ, ಹೆಂಡತಿಯನ್ನೂ ಅಲ್ಲೇ ಬಿಟ್ಟು, ನಡೆದುಕೊಂಡು ಬಸ್ಸಿಗೆ ಹೋದ. ದೇವಕ್ಕ ಗಂಡನ ಮನೆಗೆ ಹೋದದ್ದು ದೀಪಾವಳಿಗೆ, ಈ ಸಲ ನಿಜವಾಗಿಯೂ ಹೊಸದಾದ ಸೈಕಲ್ಲಿನ ಜೊತೆ.

ಎಂಟು ದಿನ ನಾನು ದುರ್ಗಪ್ಪನ ಬೇವಿನ ಮರದ ಕಡೆ ಹಾಯಲಿಲ್ಲ. ಒಂಬತ್ತನೇ ದಿನ ಮರೆವ್ವ ಖಾಲಿ ಕೊಡ ಹೊತ್ತು ನಮ್ಮ ಓಣಿಯಿಂದ ತಿರುಗಿ ಹೋಗುವುದನ್ನು ಕಂಡೆ. ಮನಸ್ಸು ತಡೆಯಲಿಲ್ಲ. ದುರ್ಗಪ್ಪನಲ್ಲಿಗೆ ಹೋಗಿ, ಡಾಕ್ಟರರ ಹತ್ತಿರ ಹೋಗೋಣ ನಡೆ ಎಂದೆ. ಅವನ ತಲೆ ನೋಡಿ ಒಂದು ಉಪಾಯವನ್ನೂ ಹೇಳಿದೆ. ಅವರ ಮನೆತನಕ್ಕೆ ಬೇಗ ನರೆಯುವ ತಲೆ, ಇಪ್ಪತ್ತೈದಕ್ಕೇ ಅವನಿಗೆ ಬಿಳಿಯಾಗತೊಡಗಿತ್ತು. ಪೇಟೆಯಲ್ಲಿ ಕಪ್ಪು ಬಣ್ಣದ ಪುಡಿ ಸಿಗುತ್ತದೆ, ಹಚ್ಚಿಕೊಂಡರೆ ಡಾಕ್ಟರರು ಮೂವತ್ತು ಎಂದೇ ಬರೆಯುತ್ತಾರೆ. ಸುಳ್ಳಂತೂ ಅಲ್ಲ, ನಿಜದ ಹತ್ತಿರಕ್ಕೇ ಹೋದಂತಾಗುತ್ತದೆ ಎಂದು ಸಮಜಾಯಿಷಿಯನ್ನೂ ಕೊಟ್ಟೆ.

"ಬಣ್ಣ ಹೊಡದ ವಯಸ್ಸ ಕಡಿಮಿ ಮಾಡೂದು ಬಿಟ್ಟೇನ್ರಿ, ಮಾಸ್ತರ" ಎಂದ ದುರ್ಗಪ್ಪ.

ಡಾಕ್ಟರರ ಕೋಣೆಯ ಮುಂದೆ ಮೂರು ತಾಸು ಕೂತೆವು, ಒಳಗೆ ಮೂರು ನಿಮಿಷವೂ ಹಿಡಿಯಲಿಲ್ಲ. ಬಾಯಿ ತೆರೆಸಲಿಲ್ಲ, ನಾಡಿ ಹಿಡಿಯಲಿಲ್ಲ. ಬೈಲಹೊಂಗಲದ ಸಂತೆಯಲ್ಲಿ ಎತ್ತಿಗೂ ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಾರೆ. ಕತ್ತೆತ್ತಿ ಒಮ್ಮೆ ನೋಡಿ, ಸುಮಾರು ನಲವತ್ತು ವರ್ಷ ಎಂದು ಬರೆದು ಸಿಕ್ಕಾ ಒತ್ತಿದರು. ಹೊರಗೆ ಬಂದ ಮೇಲೆ ದುರ್ಗಪ್ಪ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಅವರು ಎಲ್ಲಿ ನೋಡಿ ಬರೆದರು ಎಂದು ಕೇಳಿದ. ತಲೆ ನೋಡಿ ಬರೆದಿರಬೇಕು ಎಂದೆ. ಅವನಿಗೆ ನೌಕರಿ ಹೋದದ್ದಕ್ಕಿಂತ ಇದೇ ಹೆಚ್ಚು ನೋವಾದಂತೆ ಕಂಡಿತು. "ಬಣ್ಣ ನೋಡಿ ವಯಸ್ಸ ಹೇಳಬಾರದ್ರಿ" ಎಂದ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಸಂಗಪ್ಪನೆಂಬವನು ಧಾರವಾಡ ಫೇಡೆಯ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದು ಕಾಲಿಗೆ ಬಿದ್ದ. ನನ್ನ ಹಳೆಯ ವಿದ್ಯಾರ್ಥಿ, ಅದೇ ಊರಿನವನು, ಶಂಕರೆಪ್ಪನ ದೂರದ ಸಂಬಂಧ. ನವಿಲುತೀರ್ಥದ ಮೆಕ್ಯಾನಿಕ್ ಕೆಲಸ ಅವನಿಗೆ ಆಗಿತ್ತು. ಎಲ್ಲ ನಿಮ್ಮ ಆಶೀರ್ವಾದ ಗುರುಗಳೇ, ರಜಿಸ್ಟರಿನಲ್ಲಿ ಮೂವತ್ತೊಂಬತ್ತನೇ ಇಸವಿ ಜೂನ್ ಒಂದು ಎಂದಿತ್ತು, ನೋಡಿದ ಕೂಡಲೇ ಒಪ್ಪಿಕೊಂಡರು ಎಂದ. ಅವನು ಶಾಲೆಗೆ ಬಂದ ದಿನ, ಆ ಊರಿನಲ್ಲಿ ನನ್ನ ಮೊದಲನೇ ಜೂನ್ ಅದು, ನನಗೆ ಚೆನ್ನಾಗಿ ನೆನಪಿತ್ತು. ಆಗ ಅವನಿಗೆ ಒಂಬತ್ತು ತುಂಬಿತ್ತು, ಕೈ ಕಿವಿ ಮುಟ್ಟಿ ಕುತ್ತಿಗೆಯನ್ನೂ ಸುತ್ತಿ ಬರುವಷ್ಟು ಉದ್ದ. ಮುಂದೆ ನೌಕರಿಗೆ ಅನುಕೂಲ ಆದೀತು, ಆರು ಎಂದು ಬರಕೊಳ್ಳಿ ಎಂದು ಅವರಪ್ಪ ಹೇಳಿದ. ನಾನು ಬರಕೊಂಡಿದ್ದೆ. ಅದಕ್ಕೆ ಅರ ಹಾಕುವ ಕಷ್ಟವೂ ಇರಲಿಲ್ಲ.

ಫೇಡೆಯ ಪೊಟ್ಟಣವನ್ನು ಅಲ್ಲೇ ಬಿಟ್ಟೆ. ಎದ್ದು ದುರ್ಗಪ್ಪನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಯಾರದೋ ಗಾಲಿಯ ಕಡ್ಡಿ ಬಿಗಿಯುತ್ತಿದ್ದ, ತಾಯವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು ನಾನು, ಸಣ್ಣವನಿದ್ದಾಗ ಒಂದೇ ಒಂದು ದಿನ ಇವನನ್ನು ಶಾಲೆಗೆ ಹಾಕಿದ್ದರೂ ಸಾಕಾಗಿತ್ತು, ಹೆಸರಾದರೂ ರಜಿಸ್ಟರಿನಲ್ಲಿ ಉಳಿಯುತ್ತಿತ್ತು ಎಂದೆ. ತಪ್ಪು ಅವಳದ್ದೇ ಎಂಬಂತೆ ಇತ್ತು ನನ್ನ ದನಿ.

ತಾಯವ್ವ ಮೊರ ಕೆಳಗಿಟ್ಟಳು.

"ಕರಕೊಂಡ ಬಂದಿದ್ನೆಲ್ಲೋ ಎಪ್ಪಾ, ನಿಮ್ಮ ಹಂತ್ಯಾಕನ. ನೀವು ಆಗಿನ್ನೂ ಹೊಸದಾಗಿ ನಮ್ಮೂರಿಗಿ ಬಂದಿದ್ರಿ. ಇವನ ಕೈ ಕಿವಿ ಮುಟ್ಟಲಿಲ್ಲ. ಆರ ವರ್ಷ ಆಗಿಲ್ಲ, ಮುಂದಿನ ವರ್ಷ ಬಾ ಅಂದ್ರಿ. ಹೊಟ್ಟಿಗಿ ಇಲ್ಲದ ಕೂಸು, ಕೈ ಎಲ್ಲಿಂದ ಉದ್ದ ಆಗಬೇಕು? ಮುಂದಿನ ವರ್ಷ ಅನ್ನೂದ್ರಾಗ ದನಾ ಕಾಯಾಕ ಹತ್ತಿದ."

ಅವಳು ದೂರಿ ಹೇಳಲಿಲ್ಲ, ಸೈಕಲ್ಲು ಬಂದ ದಿನದ ಕಥೆ ಹೇಳಿದ ಹಾಗೆಯೇ ಹೇಳಿದಳು. ನನಗೆ ಆ ಮಗು ನೆನಪಾಗಲಿಲ್ಲ. ಎಷ್ಟು ನೆನೆದರೂ ಆಗಲಿಲ್ಲ. ಸಂಗಪ್ಪನ ಉದ್ದನೆಯ ಕೈ ಮಾತ್ರ ಕಣ್ಣಿಗೆ ಕಟ್ಟಿತು. ಇಬ್ಬರೂ ಒಂದೇ ಜೂನಿನಲ್ಲಿ, ಬಹುಶಃ ಒಂದೇ ದಿನ, ನನ್ನ ಮೇಜಿನ ಮುಂದೆ ನಿಂತಿರಬೇಕು.

ದುರ್ಗಪ್ಪ ಕಡ್ಡಿ ಬಿಗಿಯುವುದನ್ನು ನಿಲ್ಲಿಸಿದ. ಗ್ರೀಸು ಮೆತ್ತಿದ ಬಲಗೈಯನ್ನು ನರೆತ ತಲೆಯ ಮೇಲಿಂದ ತಂದು, ಎಡಗಿವಿ ಹಿಡಿದು ನನಗೆ ತೋರಿಸಿದ.

"ಈಗ ಮುಟ್ಟತೈತ್ರಿ, ಮಾಸ್ತರ" ಎಂದ.